ಹದಿನೈದಕ್ಕೆ ಇಳಿಸು

ಡಾಂಬರು ಮುಗಿಯುವಲ್ಲಿ ಮೊದಲ ಕೆಲಸ
ಗಾಳಿ ಬಿಡುವುದು.
ಪುತ್ತುಮೋನು ಕುಕ್ಕರಗಾಲಲ್ಲಿ ಕೂತು
ವಾಲ್ವಿಗೆ ಕಡ್ಡಿ ಚುಚ್ಚುತ್ತಾನೆ:
ಮೂವತ್ತೈದರಿಂದ ಹದಿನೈದಕ್ಕೆ.
ಟೈರು ಹೊಟ್ಟೆ ಬಿಟ್ಟುಕೊಂಡು ಕೂರುತ್ತದೆ
ಮದುವೆಯೂಟ ಮುಗಿಸಿದ ಮಾವನ ಹಾಗೆ.
'ಬಿಗಿದುಕೊಂಡವನು ಹೂತುಹೋಗುತ್ತಾನೆ ಇಲ್ಲಿ,
ಮೆತ್ತಗಾದವನು ದಾಟುತ್ತಾನೆ.'
ತತ್ವ ಅಲ್ಲ, ಗ್ಯಾರೇಜಿನ ಮಾತು.

ಮುಕ್ಶಿನ್ ಹಿಂದೆ ಉಳಿಯಿತು: ಒಂದು ಬಂಕು, ಒಂದು ಮಸೀದಿ,
ನಿದ್ದೆಗಣ್ಣಿನ ಮಲಬಾರಿಯ ಚಹಾದಂಗಡಿ.
'ಎಲ್ಲಿಗೆ?' ಎಂದ ಗ್ಲಾಸು ತೊಳೆಯುತ್ತ.
'ಸುಮ್ಮನೆ' ಎಂದೆವು.
ಸುಮ್ಮನೆ ಯಾರೂ ಹೋಗುವುದಿಲ್ಲ ಆ ಕಡೆ ಎಂದು
ಎರಡು ಕುಬ್ಬೂಸು ಹೆಚ್ಚಿಗೆ ಕಟ್ಟಿಕೊಟ್ಟ.

ಕಾರಣ ಲಿಗೋರಿ.
ಇಪ್ಪತ್ತಾರು ವರ್ಷ ರಿಗ್ಗುಗಳಿಗೆ
ಸಿಹಿನೀರಿನ ಟ್ಯಾಂಕರು ಹೊಡೆದವನು.
ಬೆಳಿಗ್ಗೆ ಬಲಗಡೆಯ ಗಾಜಿನಲ್ಲಿ, ಸಂಜೆ ಎಡಗಡೆಯದರಲ್ಲಿ
ಅದೇ ಕೆಂಪು ದಿಬ್ಬಗಳು;
ಬ್ರೇಕಿನ ಮೇಲೆ ಕಾಲಿಡಲು ಪುರುಸೊತ್ತಿರಲಿಲ್ಲ.
ಸೋಮವಾರ ವೀಸಾ ಮುಗಿಯುತ್ತದೆ.
'ಒಮ್ಮೆ ಒಳಗೆ ಹೋಗಿ ನಿಲ್ಲಬೇಕು ಮಾರಾಯ,
ಟ್ಯಾಂಕರಿಲ್ಲದೆ.'
ಅಷ್ಟೇ ಕೇಳಿದ್ದು.

ಐಸ್ ಫ್ಯಾಕ್ಟರಿಯ ಪಿಕಪ್ಪು. ಹಿಂದೆ
ನಾಲ್ಕು ಕ್ಯಾನು ಡೀಸೆಲು, ಎಂಟು ಕ್ಯಾನು ನೀರು,
ಸೈಟಿನಿಂದ ತಂದ ಎರಡು ಹಲಗೆ, ಒಂದು ಸಲಿಕೆ,
ಮತ್ತು ವಾಮನ ಮೆಂಡನ್ ಹಟ ಹಿಡಿದು ಹೊತ್ತು ತಂದ
ಐಸಿನೊಳಗಿನ ಬಂಗುಡೆ.

ಸ್ಟಿಯರಿಂಗು ನನ್ನ ಕೈಲಿ.
ಮೊದಲ ದಿಬ್ಬವನ್ನು ಓರೆಯಾಗಿ ಹತ್ತಿದೆ.
ಗಾಡಿ ವಾಲಿತು. ಆಕಾಶ ಲಿಗೋರಿಯ ಕಿಟಕಿಗೆ ಬಂತು,
ಮರಳು ನನ್ನದಕ್ಕೆ.
'ಅಡ್ಡ ಹಿಡೀಬೇಡ!' ಹಿಂದಿನಿಂದ ವಾಮನ,
'ತೆರೆಗೆ ಮೈ ಕೊಡಬಾರದು, ಮೂತಿ ಕೊಡು!'
ಹನ್ನೊಂದಕ್ಕೇ ಮಲ್ಪೆಯಲ್ಲಿ ದೋಣಿ ಹತ್ತಿದವನು,
ಮರಳನ್ನು ದಡವಾಗಿ ಮಾತ್ರ ಬಲ್ಲವನು.
ಅವನು ಹೇಳಿದಂತೆ ತಿರುಗಿಸಿದೆ:
ನೇರ, ಉಸಿರು ಬಿಗಿಹಿಡಿದು,
ನೆತ್ತಿಯಲ್ಲಿ ಕಾಲು ಸಡಿಲಿಸಿ.
ಗಾಡಿ ಒಂದು ಗಳಿಗೆ ಯಾವುದರ ಮೇಲೂ ಇರಲಿಲ್ಲ.

ಆಮೇಲೆ ಬಹಳ ಹೊತ್ತು ನಾವು ನಾಲ್ವರೂ
ಮೀನಿಗೆ ಹೊರಟವರ ಹಾಗೇ ಮಾತಾಡಿದೆವು:
ಇದು ದೊಡ್ಡದು. ಇದರ ಬೆನ್ನು ಮೆತ್ತಗೆ.
ಇದರ ಹಿಂದೆ ಇನ್ನೊಂದಿದೆ, ತಡಿ.

ಸೋಲಿಸಿದ್ದು ದಿಬ್ಬವಲ್ಲ, ಬಯಲು.
ಕಾವಲಿಯ ಹಾಗೆ ಸಪಾಟು, ಮೇಲೆ ಉಪ್ಪಿನ ಹಕ್ಕಳೆ,
ಕೆಳಗೆ ಕೆಸರು. ಹಿಂದಿನ ಚಕ್ರ ಆಕ್ಸಲಿನ ತನಕ.
ಹಲಗೆ ಕೊಟ್ಟೆವು. ಒಂದು ಬಾಗಿತು, ಒಂದು ಮುರಿಯಿತು.
ಸರದಿಯ ಮೇಲೆ ಸಲಿಕೆ.
ಪುತ್ತುಮೋನು ನಮಾಜಿಗೆ ಒಣಜಾಗ ಹುಡುಕುತ್ತ
ದೂರ ದೂರ ಹೋಗಿ ಚುಕ್ಕೆಯಾದ,
ಚುಕ್ಕೆ ಬಗ್ಗಿತು, ಎದ್ದಿತು,
ಬಂದು ಮತ್ತೆ ಸಲಿಕೆ ಹಿಡಿಯಿತು.

ಲಿಗೋರಿಯ ಸರದಿಯಲ್ಲಿ ಟಣ್ ಎಂದಿತು ಏನೋ.
ಚಿಪ್ಪು. ಮರುವಾಯಿಯಷ್ಟೇ ದೊಡ್ಡದು, ಕಲ್ಲಾಗಿದೆ.
ಸಮುದ್ರ ಇಲ್ಲಿಂದ ಒಂದು ಹಗಲಿನ ದಾರಿ.
ವಾಮನ ಅದನ್ನು ಮೂಸಿ
'ತಾಜಾ ಅಲ್ಲ' ಎಂದ, ಗಂಭೀರವಾಗಿ.
ನಗುತ್ತ ನಗುತ್ತ ತಳ್ಳಿದೆವೇನೋ,
ಗಾಡಿ ಮೇಲೆ ಬಂತು.

ರಾತ್ರಿ ಡಬ್ಬಿಯ ಮುಚ್ಚಳದಲ್ಲಿ ಬಂಗುಡೆ ಚುರುಗುಟ್ಟಿತು.
ಲಿಗೋರಿ ಬೆಂಕಿಯಿಂದ ಆಚೆ ಹೋಗಿ
ಅಂದುಕೊಂಡಂತೆಯೇ ನಿಂತ.
ತುಂಬ ಹೊತ್ತು ನಿಂತ.
ಬಂದು ಕೂತಾಗ ಕೇಳಿದೆ, ಹೇಗಿತ್ತು?
'ಟ್ಯಾಂಕರು ಇನ್ನೂ ಓಡ್ತಾ ಇದೆ ಮಾರಾಯ, ಕಿವಿಯೊಳಗೆ.
ಆಫ್ ಆಗ್ಲಿಲ್ಲ.'
ಮುಳ್ಳು ತೆಗೆದು ಮೀನು ತಿಂದ.

ಮರುದಿನ ಡಾಂಬರಿನ ಅಂಚಿಗೆ ಬಂದು
ಗಾಳಿ ತುಂಬಿಸಿದೆವು, ಟೈರಿಗೆ ಎಂಟೆಂಟು ನಿಮಿಷ.
ಪುಟ್ಟ ಕಂಪ್ರೆಸರು ತಮಟೆಯಂತೆ ಬಡಿದುಕೊಳ್ಳುತ್ತಿತ್ತು.
ಊರಿನ ಬಂಕಿನ ಗಾಳಿ ಹೋಗಿ ನಾಲ್ಕರಲ್ಲೂ ಈಗ
ಅಲ್ಲಿನದೇ.

ಸಲಿಕೆ ಎಲ್ಲಿ ಎಂದ ಪುತ್ತುಮೋನು.
ಯಾರೂ ಉತ್ತರಿಸಲಿಲ್ಲ.
'ಎರಡೂವರೆ ರಿಯಾಲು!' ಎಂದ,
ಹೈಮಾ ತಲುಪುವವರೆಗೂ ಅದನ್ನೇ ಅಂದ.
ಲಿಗೋರಿ ಕಿಟಕಿಗೆ ತಲೆ ಆನಿಸಿ
ನಿದ್ದೆ ಬಂದವನ ಹಾಗೆ ನಟಿಸಿದ.