ಷರಾ

ಗಂಗಹನುಮಯ್ಯನವರು ನನಗೆ ಕಲಿಸಿದ್ದು ಇಷ್ಟೇ:
ಅವತ್ತಿನದನ್ನು ಅವತ್ತೇ ಬರಿ.
ಪೆನ್ಸಿಲ್ ಬೇಡ. ಹಾಳೆ ಹರೀಬೇಡ.
ತಪ್ಪಾದರೆ ಒಂದೇ ಗೀಟು,
ಕೆಳಗಿನದು ಕಾಣುವ ಹಾಗೆ. ಪಕ್ಕದಲ್ಲಿ ಸಣ್ಣ ಸಹಿ.
ನಿನಗೆ ಏನನ್ನಿಸಿತು ಅಂತ ಬೇಡ,
ಎಷ್ಟು ಗಂಟೆಗೆ ಅಂತ ಬರಿ.

ಥಣಿಸಂದ್ರದ ಆಚೆ, ಎರಡು ಬೇಸ್‌ಮೆಂಟು, ಹದಿನಾಲ್ಕು ಮಹಡಿ,
ಇನ್ನೂ ಬರೀ ಗುಂಡಿ.
ತಗಡಿನ ಶೆಡ್ಡಿನ ಮೇಲೆ ಮಳೆ ಬಿದ್ದರೆ
ಫೋನಲ್ಲಿ ಯಾರು ಬೈಯುತ್ತಿದ್ದಾರೆಂದು ತಿಳಿಯದು.
ಡೈರಿಯಲ್ಲಿ ಮಾತ್ರ ಮಳೆ
ಸಂಜೆ 4.10ರಿಂದ 6.35.
ಕಾಲಂ ಸಿ-7, ಸಿ-9: ಡ್ರಾಯಿಂಗ್ ಬಂದಿಲ್ಲ. ಜ್ಞಾಪನ ಪತ್ರ ಮೂರನೆಯದು.
ಜೆಸಿಬಿ ಒಂದು, ನಿಂತಿದೆ.
ಗಂಡಾಳು 14, ಹೆಣ್ಣಾಳು 7.
ಖಾಲಿ.

ನಲವತ್ತೇಳು ದಿನ ಹೀಗೇ.
ದಿನಾ ಬೆಳಿಗ್ಗೆ ಹುಲಿಗೆಪ್ಪ ಮೇಸ್ತ್ರಿ
ಚಪ್ಪಲಿ ಹೊರಗೇ ಬಿಟ್ಟು ಬಾಗಿಲಲ್ಲಿ ನಿಂತು
'ಇವತ್ತೂ ಇಲ್ಲೇನ್ರೀ ಸಾಹೇಬ್ರ?' ಅನ್ನುತ್ತಿದ್ದ.
ಅದಕ್ಕೂ ಗಂಟೆಯಿತ್ತು, ಎಂಟೂ ಇಪ್ಪತ್ತು.
ಕಾಲಮ್ಮಿರಲಿಲ್ಲ.

ಆರು ವರ್ಷದ ಮೇಲೆ, ರೇಸ್‌ಕೋರ್ಸ್ ರಸ್ತೆಯ ಹತ್ತಿರ ಒಂದು ತಣ್ಣನೆ ಕೋಣೆ.
ನಿವೃತ್ತ ನ್ಯಾಯಾಧೀಶರು, ತಟ್ಟೆಯಲ್ಲಿ ಬಿಸ್ಕತ್ತು,
ನನ್ನ ಡೈರಿಗೆ ಹಳದಿ ಚೀಟಿಗಳ ಕಿವಿ.
ಅವರ ವಕೀಲ ಬೆಳಕಿಗೆ ಹಿಡಿದು ನೋಡಿದ.

ಇಪ್ಪತ್ತಮೂರನೇ ತಾರೀಖು ನೀಲಿ, ಇಪ್ಪತ್ತನಾಲ್ಕು ಕಪ್ಪು. ಯಾಕೆ?
ಪೆನ್ನು ಮುಗಿಯಿತು. ಅಂಗಡಿಯಲ್ಲಿ ಕಪ್ಪೇ ಸಿಕ್ಕಿತು.
ಇಲ್ಲಿ ಏಳನ್ನು ಆರು ಮಾಡಿದ್ದೀರಿ.
ಮಾಡಿದ್ದೇನೆ. ಸಹಿಯಿದೆ ನೋಡಿ.
ಯಾರು ಹೇಳಿ ಮಾಡಿಸಿದರು?
ಯಾರೂ ಇಲ್ಲ. ಮಗುವಿಗೆ ಜ್ವರವೆಂದು ದುರುಗಮ್ಮ
ಹತ್ತು ಗಂಟೆಗೇ ಹೆಗಡೆ ನಗರಕ್ಕೆ ಹೋದಳು, ಡಾಕ್ಟರ ಹತ್ತಿರ.

ಟೈಪು ಮಾಡುತ್ತಿದ್ದ ಹುಡುಗಿ ಕತ್ತೆತ್ತಿದಳು:
'ಹೆಸರು ಇನ್ನೊಮ್ಮೆ?'
'ಹೆಸರು ಬೇಡಮ್ಮ,' ಅಂದರು ನಮ್ಮ ಕಡೆಯವರೇ,
'ಒಬ್ಬ ಹೆಣ್ಣಾಳು ಅಂತ ಹಾಕಿ.'

ಆ ತಿದ್ದುಪಡಿಯೇ ಗೆಲ್ಲಿಸಿತಂತೆ.
ಒಂದಾಳು ಕಮ್ಮಿ ಬರೆದವನು
ಜಾಸ್ತಿ ಬರೆದಿರಲಾರ, ಎಂದಿತು ತೀರ್ಪು.
ಖಾಲಿ ಕೂತ ಆಳುಗಳ ಬಾಬ್ತು, ದರಪಟ್ಟಿಯಂತೆ ತಲೆಗೆ ಆರುನೂರು,
ಐದು ಲಕ್ಷ ತೊಂಬತ್ತೊಂದು ಸಾವಿರದ ಆರುನೂರು,
ದುರುಗಮ್ಮನ ಒಂದು ದಿನ ಕಳೆದು.
ಬಡ್ಡಿ ಬೇರೆ.

ಆಫೀಸಿನಲ್ಲಿ ಮೈಸೂರುಪಾಕು.
'ನಿನ್ನ ಪುಸ್ತಕ ಕಣಯ್ಯಾ!' ಎಂದು ಎಂಡಿ ಬೆನ್ನು ತಟ್ಟಿದರು.
ತುಪ್ಪ ಬೆರಳಿಗಂಟಿತ್ತು. ಸುಮ್ಮನೆ ನಿಂತೆ.

ಆ ನಲವತ್ತೇಳು ದಿನ ಅವರಿಗೆ ಕೂಲಿ ಕೊಟ್ಟಿರಲಿಲ್ಲ.
ವಾರಕ್ಕೊಮ್ಮೆ ಅಕ್ಕಿಗೆಂದು ಇಷ್ಟು,
ಅದನ್ನೂ ಆಮೇಲೆ ಲೆಕ್ಕದಲ್ಲಿ ಹಿಡಿದರು.
ವೋಚರು ಇಲ್ಲ. ಇಲ್ಲದ ವೋಚರನ್ನು
ಅವರ ವಕೀಲನೂ ಕೇಳಲಿಲ್ಲ;
ಅವನಿಗೆ ನನ್ನ ಪೆನ್ನಿನದೇ ಚಿಂತೆ.
ನನ್ನ ಡೈರಿಯಲ್ಲಿ ಒಂದಕ್ಷರ ಸುಳ್ಳಿಲ್ಲ.
ರಾತ್ರಿ ಮತ್ತೆ ಮತ್ತೆ ಅದನ್ನೇ ಹೇಳಿಕೊಂಡೆ.
ಹುಲಿಗೆಪ್ಪನ ನಂಬರಿನಲ್ಲಿ ಯಾರೋ ಹಿಂದಿಯವರು ಎತ್ತಿದರು.

ಈಗ ಕೋಗಿಲು ಕಡೆ ಹೊಸ ಸೈಟು. ಹೊಸ ಡೈರಿ, ಹೊಸ ತಗಡು.
ಮೊನ್ನೆ ಪಂಪು ಕೆಟ್ಟು ಕಾಂಕ್ರೀಟು ನಿಂತಿತು.
ಷರಾ ಕಾಲಮ್ಮಿನಲ್ಲಿ ಬರೆದೆ:
ಬೆ. 8.20. ಮೇಸ್ತ್ರಿ ಕೇಳಿದ, ಇವತ್ತೂ ಇಲ್ಲವೇ ಎಂದು.
ಖಾಲಿ: ಬಸ್ಸಮ್ಮ, ಮರಿಲಿಂಗ, ಖಾಜಾಬಿ, ಸಣ್ಣ ಹನುಮ,
ಇನ್ನೂ ಏಳು ಜನ, ಕೇಳಿ ಬರೆಯಬೇಕು.
ಕೂಲಿ ಕೊಟ್ಟಿಲ್ಲ.

ಮ್ಯಾನೇಜರು ಬೆರಳಿಟ್ಟು ತೋರಿಸಿದರು:
'ನಾಳೆ ಇದು ನಮ್ಮ ಕುತ್ತಿಗೆಗೇ ಬರುತ್ತೆ. ಹೊಡೆದು ಹಾಕು.'

ಹೊಡೆದು ಹಾಕಿದೆ.
ಕಲಿತ ಹಾಗೆ ಒಂದೇ ಗೀಟು, ಸ್ಕೇಲಿಟ್ಟು,
ಪಕ್ಕದಲ್ಲಿ ಸಣ್ಣ ಸಹಿ,
ತಾರೀಖು,
ಗಂಟೆ.