ಕಿವಿಯ ಮೇಲೆ ಹೂವು

ಎವೋದಿಯೋ ಗಾಜಿನ ಕಪಾಟಿನ ಮೇಲೆ ಎರಡನ್ನೂ ಇಟ್ಟ.
ಒಂದು, ಕಿವಿಯೊಳಕ್ಕೆ ಬಿರಡೆಯ ಹಾಗೆ ಕೂರುವ ಇಯರ್‌ಬಡ್ಡು,
ನನ್ನ ಹಳೆಯದರ ಹೊಸ ತಮ್ಮ.
ಇನ್ನೊಂದು, ಕಿವಿಯ ಬೆನ್ನಿಗೆ ಕೊಕ್ಕೆ ಹಾಕಿ
ಹೊರಗೇ ನಿಂತು ಪಿಸುಗುಟ್ಟುವಂಥದು.
"ಇದಾದರೆ ನೋಡಿ, ಕಿವಿಯ ಮೇಲೆ ಹೂವಿಟ್ಟಷ್ಟು ಹಗುರ."
ನಕ್ಕೆ. ಈ ಅಂಗಡಿ ಸಾಲಿನಲ್ಲಿ
ನನ್ನ ಕಿವಿಯ ಮೇಲೆ ಹೂವಿಟ್ಟವರಲ್ಲಿ
ಅವನೇ ಮೊದಲಿಗನೇನಲ್ಲ.

ಮೆಕ್ಸಿಕೋ ನಗರದ ಪೋರ್ತಾಲೆಸ್ ಬಡಾವಣೆ, ಮೂರನೆಯ ಮಹಡಿ.
ಅಲ್ಲಿ ಕೂತು ನಾನು ಸಾಕ್ಷಿಗಳನ್ನು ಟೈಪು ಮಾಡುತ್ತೇನೆ.
ವಕೀಲರು ಧ್ವನಿ ಕಳಿಸುತ್ತಾರೆ, ನಾನು ಅಕ್ಷರ ಕಳಿಸುತ್ತೇನೆ,
ಪುಟಕ್ಕಿಷ್ಟು ಅಂತ. ಕೆಮ್ಮಿಗೆ ಕಾಸಿಲ್ಲ,
ಆದರೂ ಬರೆಯಬೇಕು: ಸಾಕ್ಷಿ ಕೆಮ್ಮುತ್ತಾನೆ.
ಬಿರಡೆ ಹಾಕಿದರೆ
ಅವನು ಉಗುಳು ನುಂಗಿದ್ದೂ ಕೇಳುತ್ತದೆ,
"ನಾನೇನೂ ನೋಡಿಲ್ಲ" ಅನ್ನುವ ಮುಂಚೆ
ಕುರ್ಚಿ ಒಮ್ಮೆ ಕಿರುಗುಟ್ಟಿದ್ದೂ.

ಆದರೆ ಆ ಆರು ತಿಂಗಳಲ್ಲಿ
ಗ್ಯಾಸಿನವನ ಕೂಗು ತಪ್ಪಿ ಎರಡು ವಾರ ತಣ್ಣೀರ ಸ್ನಾನ.
ಗೆಣಸಿನ ಗಾಡಿಯ ಸಿಳ್ಳೆ,
ಸಂಜೆಯನ್ನು ಉದ್ದಕ್ಕೆ ಸೀಳುವ ಆ ಹಬೆಯ ಸಿಳ್ಳೆ,
ಬಂದು ಹೋದದ್ದು ಬೀದಿಯಲ್ಲುಳಿದ ವಾಸನೆಯಿಂದ ತಿಳಿಯಿತು.
ಹಳೇ ಹಾಸಿಗೆ ಹಳೇ ಒಲೆ ಕೊಳ್ಳುತ್ತೇವೆಂದು
ದಿನಕ್ಕೆ ಹತ್ತು ಸಲ ಮೈಕಿನಲ್ಲಿ ರಾಗ ಎಳೆಯುವ
ಎಳೇ ದನಿಯೂ ತಪ್ಪಿತು.
ಅದಕ್ಕೆ ಮಾತ್ರ ನನ್ನ ತಕರಾರಿಲ್ಲ.

ಆಮೇಲೆ ಆ ಮಂಗಳವಾರ ರಾತ್ರಿ.
ಲಾರಿ ನೀಲಿ ಬಣ್ಣದ್ದು ಅನ್ನುತ್ತಿದ್ದ ಸಾಕ್ಷಿ,
ಇಲ್ಲ, ಹಸಿರೇ ಇರಬಹುದು.
ಲೋಟದ ನೀರು ಅಲ್ಲಾಡಿತು.
ನಾನು "ಹಸಿರೇ" ಎಂದು ಟೈಪು ಮಾಡಿದೆ.
ಬಾಗಿಲು ಬಡಿದದ್ದು ಕಿವಿಗಲ್ಲ,
ನೆಲದ ಮೂಲಕ ಅಂಗಾಲಿಗೆ ಕೇಳಿತು.
ತೆರೆದರೆ ಕೆಳಮನೆಯ ಹಸಿಂತೋ, ಒಂಬತ್ತು ವರ್ಷ,
ಒಂದೇ ಕಾಲಿಗೆ ಚಪ್ಪಲಿ,
ಬಾಯಿ ತೆರೆಯುತ್ತಿದೆ, ಮುಚ್ಚುತ್ತಿದೆ,
ಗಾಜಿನ ತೊಟ್ಟಿಯ ಮೀನಿನ ಹಾಗೆ.
ಬಿರಡೆ ಕಿತ್ತೆ. ಒಮ್ಮೆಗೇ ನುಗ್ಗಿದವು
ಬೀದಿ ಕಂಬಗಳ ಭೂಕಂಪದ ಸೈರನ್ನು, ನಾಯಿಗಳು,
ಮೆಟ್ಟಿಲ ಮೇಲೆ ದಡದಡ ಪಾದಗಳು,
ಜೊತೆಗೆ ಆ ಹುಡುಗನ
"ದೋನ್ಯಾ ಓಬ್ದೂಲಿಯಾ, ಕಿವುಡೇನು ನೀವು?"

ಏನೂ ಆಗಲಿಲ್ಲ. ಗಾರೆ ಉದುರಿತು, ಅಂಗೈಯಷ್ಟು.
ಬೀದಿ ನಡುವೆ ನೈಟಿಯಲ್ಲಿ ನಿಂತು ನಾವೆಲ್ಲ
ಕರೆಂಟು ತಂತಿ ತೂಗುವುದು ನಿಲ್ಲುವವರೆಗೆ ನೋಡಿ
ಒಳಗೆ ಹೋದೆವು.
ಹುಡುಗನ ಅಮ್ಮ ಮಾತ್ರ ವಾರವಿಡೀ
ನನ್ನೊಡನೆ ಮಾತು ಬಿಟ್ಟಳು.
ಎಲ್ಲರೂ ಕೆಳಗೆ ಓಡುವಾಗ
ಅವನು ಮೇಲಕ್ಕೆ ಓಡಿದ್ದ.

ಹೂವನ್ನೇ ಕೊಂಡೆ.
ಮೆಟ್ರೋದಲ್ಲಿ ಅದು ಶುದ್ಧ ದಂಡ:
ಸಾಕ್ಷಿಯ ಬಾಯಲ್ಲಿ ಚೂಯಿಂಗ್‌ಗಮ್ ಮಾರುವವನ ದನಿ,
ಪಕ್ಕದವಳ ಫೋನಿನಲ್ಲಿ ಮುರಿಯುತ್ತಿರುವ ಮದುವೆ.
ನೀಲಿಯೋ ಹಸಿರೋ ದೇವರೇ ಬಲ್ಲ.
ರಾತ್ರಿ, ಗಡುವು ಕತ್ತಿಗೆ ಬಂದಾಗ,
ಕದ್ದು ಬಿರಡೆಯನ್ನೇ ಹಾಕುತ್ತೇನೆ.
ಒಂದೇ ಕಿವಿಗೆ. ಆಣೆ.

ಇವತ್ತು ಸಾಣೆ ಹಿಡಿಯುವವನ ಕೊಳಲು ಕೇಳಿತು,
ಸರ್ರನೆ ಏರಿ, ಮತ್ತೆ ಜಾರುವ ಆ ಐದಾರು ಸ್ವರ.
ಚಾಕು ಹರಿತವಾಗೇ ಇತ್ತು. ಆದರೂ ಇಳಿದೆ.
ಸೈಕಲ್ಲು ಸ್ಟ್ಯಾಂಡಿಗೆ ಹಾಕಿ ಕಲ್ಲು ತಿರುಗಿಸುತ್ತಿದ್ದ ರೆಫೂಹಿಯೋ.
ಎರಡು ಸಲ ಕೂಗಿದೆ, ತಿರುಗಲಿಲ್ಲ.
ಮುಂದೆ ಹೋಗಿ ನಿಂತೆ: ಎಡಗಿವಿಯಲ್ಲಿ ಬಿರಡೆ!
"ಫುಟ್‌ಬಾಲು," ಎಂದ ಮುದುಕ, ಸಿಕ್ಕಿಬಿದ್ದ ಕಳ್ಳನ ಹಾಗೆ.
"ಬಲಗಿವಿ ಹೊಟ್ಟೆಗೆ, ಎಡಗಿವಿ ನನಗೆ.
ಮುಂದಿನ ಸಲ ಈ ಕಡೆಯಿಂದ ಬನ್ನಿ."

ಕಿಡಿ ಹಾರಿತು. ಯಾರೋ ಗೋಲು ಹೊಡೆದಿರಬೇಕು,
ಅವನ ಕಾಲು ಒಂದು ಗಳಿಗೆ ಪೆಡಲು ಮರೆಯಿತು.
ನಾನು ಅವನ ಬಲಕ್ಕೆ ಸರಿದು
ಎಷ್ಟಾಯಿತು ಅಂತ ಕೇಳಿದೆ.