ಮುಖ ಕೊಡದ ಗಡಿಯಾರ

ಸ್ಕೆಲ್‌ಬೆಕ್ ಪಟ್ಟಣದ ಗಡಿಯಾರ ಗೋಪುರಕ್ಕೆ
ದಿಕ್ಕು ನಾಲ್ಕು, ಮುಖ ಮೂರು.

ಪಡುವಣದ ಮುಖ ಗಿರಣಿ ಮಾಲೀಕರ ಬಂಗಲೆಗಳಿಗೆ.
ತೆಂಕಣದ್ದು ಗುರುವಾರದ ಸಂತೆಗೆ,
ಬೆಣ್ಣೆಗೆ, ಮೊಟ್ಟೆಗೆ, ಕಿರುಚುವ ಹಂದಿಮರಿಗಳಿಗೆ.
ಬಡಗಣದ್ದು ರೈಲಿಗೆ.
ರೈಲು ಬರುವ ಮುನ್ನ ಇಲ್ಲಿ
ಲಂಡನ್ನಿಗಿಂತ ಏಳು ನಿಮಿಷ ತಡವಾಗಿ ನಡುಹಗಲಾಗುತ್ತಿತ್ತು.
ಆ ಏಳು ನಿಮಿಷ ಯಾರ ಜೇಬಿಗೆ ಹೋಯಿತೋ
ಲೆಕ್ಕ ಕೊಟ್ಟವರಿಲ್ಲ.

ಮೂಡಣಕ್ಕೆ ಮಾತ್ರ ಬೋಳು ಕಲ್ಲು.
ಅಲ್ಲಿದ್ದವರು ಬಣ್ಣ ಅದ್ದುವವರು, ಉಣ್ಣೆ ತೊಳೆಯುವವರು;
ಚಂದಾ ಪಟ್ಟಿ ಹೋದಾಗ ಒಂದು ಪೆನ್ನಿಯೂ ಬಿಚ್ಚಲಿಲ್ಲವಂತೆ.
"ಕಾಸು ಕೊಡದವರಿಗೆ ಹೊತ್ತೇಕೆ?"
ಎಂದರಂತೆ ಪುರಸಭೆಯ ಹಿರಿಯರು.
ಪಟ್ಟಿ ನಮ್ಮ ಕಡೆ ಬರಲೇ ಇಲ್ಲ ಅನ್ನುತ್ತದೆ ಟೆಂಟರ್ ಓಣಿ.
ಎರಡು ಕತೆಗೂ ಈಗ ನೂರಾಮೂವತ್ತು ವರ್ಷ.

ಈ ಊರಲ್ಲಿ ಕಸುಬು ಹೋಗುತ್ತದೆ, ಹೆಸರು ಹೋಗುವುದಿಲ್ಲ.
ಟೆಂಟರ್ ಓಣಿಯಲ್ಲಿ ಒದ್ದೆ ಬಟ್ಟೆಯನ್ನು
ಕೊಕ್ಕೆಗೆ ಸಿಕ್ಕಿಸಿ ಹಿಗ್ಗಿಸಿದವರಿಲ್ಲ.
ಬೆಣ್ಣೆಕಟ್ಟೆಯಲ್ಲಿ ಫೋನಿನ ಕವರು ಮಾರುತ್ತಾರೆ,
ಕಟುಕರ ಬೀದಿಯಲ್ಲಿ ಯೋಗ ಕಲಿಸುತ್ತಾರೆ.
ಸೋಮವಾರ ನೀಲಿ, ಮಂಗಳವಾರ ಕಡುಗೆಂಪು ಹರಿದ ಹೊಳೆ
ಈಗ ಸುಮ್ಮನೆ ನೀರಿನ ಬಣ್ಣ.
ಆದರೂ ಫ್ಲೀಸ್ ಪಬ್ಬಿನ ದಾರಿ ಮರೆತಿಲ್ಲ;
ಬಾಗಿಲ ಪಕ್ಕ ಪ್ರವಾಹದ ಗೆರೆಗಳು, ಇಸವಿ ಸಮೇತ,
ಬೆಳೆಯುವ ಮಗುವಿನ ಎತ್ತರ ಗುರುತಿಸಿಟ್ಟ ಹಾಗೆ.

ಹೆಸ್ಟರ್ ಆಕ್ರಾಯ್ಡ್‌ಗೆ ಎಪ್ಪತ್ತೊಂದು.
ಪ್ರತಿ ಮಂಗಳವಾರ ತೊಂಬತ್ತೆರಡು ಮೆಟ್ಟಿಲು ಹತ್ತಿ
ಗಡಿಯಾರಕ್ಕೆ ಕೀಲಿ ಕೊಡುತ್ತಾಳೆ.
ಮುಂಚೆ ಅವಳಪ್ಪ ಕೊಡುತ್ತಿದ್ದ.
ಅಪ್ಪನ ಅಜ್ಜಿ ಉದ್ದನೆ ಬಿದಿರು ಹಿಡಿದು
ನಸುಕಿನಲ್ಲಿ ಕಿಟಕಿ ಕಿಟಕಿ ತಟ್ಟಿ
ಗಿರಣಿಗೆ ಜನ ಎಬ್ಬಿಸುತ್ತಿದ್ದವಳು,
ಮನೆಯೊಂದಕ್ಕೆ ವಾರಕ್ಕೆ ಎರಡು ಪೆನ್ನಿ.
ಹೊತ್ತನ್ನೇ ಹೊತ್ತು ಬದುಕಿದ ಮನೆತನ,
ವಾಸ ಮಾತ್ರ ಮೂಡಣದಲ್ಲಿ.
ಗೋಪುರ ಮುಖ ಕೊಟ್ಟು ಮಾತಾಡದಿದ್ದರೇನು,
ಗಂಟೆಯ ಬಾಯಿ ಮುಚ್ಚಲಾದೀತೆ?
ಅವಳಮ್ಮ ಹಿಟ್ಟಿನ ಕೈ ಹಾಗೇ ಹಿಡಿದು ತುಟಿಯಲ್ಲೇ ಎಣಿಸುತ್ತಿದ್ದಳು;
ನಡುವೆ ಯಾರಾದರೂ ಮಾತಾಡಿಸಿದರೆ
ಮುಂದಿನ ಬಡಿತದವರೆಗೂ
ಮನೆಯಲ್ಲಿ ಎಷ್ಟು ಹೊತ್ತಾಯಿತೆಂದು ಯಾರಿಗೂ ಗೊತ್ತಿಲ್ಲ.

ಹೋದ ಚಳಿಗಾಲ ಗ್ರಂಥಾಲಯದಲ್ಲಿ ಸಭೆ.
ಪುರಸಭೆಯ ಹುಡುಗಿ ನಕ್ಷೆ ಬಿಚ್ಚಿದಳು:
ಕೀಲಿಯ ಬದಲು ಮೋಟಾರು,
ಬೋಳು ಕಲ್ಲಿಗೆ ನಾಲ್ಕನೆಯ ಮುಖ,
ಖರ್ಚು ಪರಂಪರೆಯ ನಿಧಿಯದು.
ಟ್ಯಾಕ್ಸಿಯ ಗಜನ್‌ಫರ್ ಎದ್ದು ನಿಂತ.
ಮೀರ್‌ಪುರದಿಂದ ಬಂದ ಅವನಪ್ಪ
ಹದಿನಾರು ವರ್ಷ ರಾತ್ರಿಪಾಳಿಯಲ್ಲಿ ಉಣ್ಣೆ ಬಾಚಿ
ಸೂರ್ಯನನ್ನು ಭಾನುವಾರ ಮಾತ್ರ ಕಂಡವನು.
ಮಗ ಅಚ್ಚ ಯಾರ್ಕ್‌ಷೈರ್ ಎಳೆತದಲ್ಲಿ ಕೇಳಿದ:
"ಇರುವ ಮೂರೂ ಮೂರು ಹೊತ್ತು ಹೇಳುತ್ತವೆ.
ನಾಲ್ಕನೆಯದು ಯಾರ ಪಕ್ಷ?"
ನಗು. ಚಹಾ. ತೀರ್ಮಾನ ಮುಂದಕ್ಕೆ.
ಜಗಳವನ್ನು ಬಿಸ್ಕತ್ತಿನ ಹಾಗೆ ಚಹಾದಲ್ಲಿ ಅದ್ದಿ
ಮೆತ್ತಗಾದ ಮೇಲೆ ನುಂಗುತ್ತಾರೆ ಇಲ್ಲಿ.
ಮರೆಯುತ್ತಾರೆ ಎಂದಲ್ಲ.

ಕಡತಕ್ಕೆ ಹತ್ತದ ಸಂಗತಿ ಒಂದಿದೆ.
ಬೋಳು ಕಲ್ಲಿನ ನಡುವೆ, ಪಾರಿವಾಳ ನುಸುಳದಷ್ಟು ಒಂದು ಕಿಂಡಿ.
ಕೀಲಿ ಕೊಟ್ಟಾದ ಮೇಲೆ, ಹನ್ನೊಂದಕ್ಕೆ ಸರಿಯಾಗಿ,
ಹೆಸ್ಟರ್ ಅದರೊಳಗೆ ಕೈ ತೂರಿಸಿ
ಹಳದಿ ಒರೆಸುಬಟ್ಟೆ ಕೊಡವುತ್ತಾಳೆ.
ಕೆಳಗೆ ಟೆಂಟರ್ ಓಣಿಯ ಎಫೀ ಲಮ್,
ಮಗ್ಗಗಳ ಸದ್ದಿಗೆ ಎಂದೋ ಕಿವಿ ಕಳೆದುಕೊಂಡವಳು,
ಅದನ್ನು ಕಂಡು ಕೆಟಲ್ ಇಡುತ್ತಿದ್ದಳು, ಇಬ್ಬರ ನೀರು.

ಎಫೀ ತೀರಿ ಮೂರು ವರ್ಷ.
ಬಟ್ಟೆ ಈಗಲೂ ಹೊರಬರುತ್ತದೆ,
ಧೂಳಿಗೆಂದು.

ಮೊನ್ನೆ ಮಂಗಳವಾರ ಮಂಜು.
ಕೆಳಗೆ ಯಾವುದೋ ಟ್ಯಾಕ್ಸಿ ಎರಡು ಸಲ ದೀಪ ಮಿಟುಕಿಸಿತು.
ಯಾರೋ ಗಿರಾಕಿಗಿರಬಹುದು.
ಹೆಸ್ಟರ್ ಇನ್ನೊಮ್ಮೆ ಕೊಡವಿದಳು,
ಬಟ್ಟೆಯಲ್ಲಿ ಧೂಳಿರಲಿಲ್ಲ.